ಒರೆಗಾನ್ ಕಡಲಲ್ಲಿ ಡಿಸೆಂಬರ್ ಸರ್ಫಿಂಗ್: 3/2 ಸೂಟ್ ಸಾಕಾಗಲ್ಲ

ಡಿಸೆಂಬರಲ್ಲಿ ಅಮೆರಿಕದ ಒರೆಗಾನ್ ಕಡಲಿಗೆ ಸರ್ಫಿಂಗ್‌ಗೆ ಹೋಗಿ ಟೆಂಟ್ ಹಾಕುವ ಆಸೆ, ಆದರೆ ನೀರಿಗಿಳಿದ ಇಪ್ಪತ್ತು ನಿಮಿಷಕ್ಕೇ ಕೈಕಾಲು ಮರಗಟ್ಟುತ್ತವೆ ಅಂತ ಬರೆದಿದ್ದೀರಿ. ಅದಕ್ಕೆ ಕಾರಣ ಬಹುಶಃ ನಿಮ್ಮ 3/2 (ಮೈಗೆ 3, ಕೈಕಾಲಿಗೆ 2 ಮಿ.ಮೀ. ದಪ್ಪದ ರಬ್ಬರ್) ವೆಟ್‌ಸೂಟ್. ಅಲ್ಲಿನ ನ್ಯೂಪೋರ್ಟ್ ಊರಿನ ಕಡೆ ಚಳಿಗಾಲದ ನೀರು ಸುಮಾರು 10 ಡಿಗ್ರಿ ಸೆಲ್ಸಿಯಸ್. ಡಿಸೆಂಬರ್ ಟ್ರಿಪ್ಪಿಗೆ ಹುಡ್ ಇರುವ 5/4 ಸೂಟ್, ದಪ್ಪ ಬೂಟು, ಗ್ಲೌಸ್ ಬೇಕು. ಕೊಳ್ಳುವ ಮೊದಲು ಬಾಡಿಗೆಗೆ ತಗೊಂಡು ನೋಡಿ. ಸೊಂಟದ ಹತ್ತಿರ ಸಡಿಲವಿದ್ದರೆ ಪ್ರತಿ ಅಲೆಗೂ ತಣ್ಣೀರು ಒಳಗೆ ನುಗ್ಗುತ್ತದೆ. ಆಗ ಎಷ್ಟು ದಪ್ಪ ಇದ್ದರೂ ಸುಮ್ನೆ ದುಡ್ಡು ದಂಡ.

ಆಮೇಲೆ ಟೆಂಟ್ ಆಸೆ ಬಿಡಿ. ಅಲ್ಲಿ ಡಿಸೆಂಬರಲ್ಲಿ ಮಳೆ ಜಾಸ್ತಿ, ಒದ್ದೆ ಸೂಟ್ ಒಣಗುವ ಮಾತೇ ಇಲ್ಲ. ಬೆವರ್ಲಿ ಬೀಚ್ ಸ್ಟೇಟ್ ಪಾರ್ಕಿನಲ್ಲಿ ಹೀಟರ್ ಇರುವ, ದುಂಡು ಮನೆಯಂಥ ಯರ್ಟ್‌ಗಳಿವೆ, ಈಗಲೇ ಬುಕ್ ಮಾಡಿ. ಪಕ್ಕದ ಆಟರ್ ರಾಕ್ ಬೀಚ್ ಸರ್ಫಿಂಗ್ ಕಲಿಯುವವರಿಗೂ ಒಗ್ಗುತ್ತದೆ.

ಹಿಂದಿನ ರಾತ್ರಿ ಅಲೆಯ ಎತ್ತರ ಮಾತ್ರ ನೋಡಬೇಡಿ, ಎರಡು ಅಲೆಗಳ ನಡುವಿನ ಸೆಕೆಂಡನ್ನೂ ನೋಡಿ. 9 ಸೆಕೆಂಡಿನ 6 ಅಡಿ ಅಲೆಗಿಂತ 16 ಸೆಕೆಂಡಿನ 6 ಅಡಿ ಅಲೆ ತುಂಬಾ ಜೋರು. ನಿಮ್ಮ ಅನುಭವ ಎಷ್ಟು ಅಂತ ಬರೆದಿಲ್ಲ. ಹೊಸಬರಾದರೆ ಅಂಥ ದಿನ ದಡದಲ್ಲೇ ಇರಿ, ಆದರೆ ಅಲ್ಲಿ ಬಿದ್ದಿರುವ ಮರದ ದಿಮ್ಮಿಗಳ ಮೇಲೆ ಹತ್ತಬೇಡಿ. ಒಂದು ದೊಡ್ಡ ಅಲೆ ಸಾಕು, ಅವು ಉರುಳುತ್ತವೆ.

ಕಾರಲ್ಲಿ ಫ್ಲಾಸ್ಕ್ ತುಂಬಾ ಬೆಚ್ಚಗಿನ ನೀರು ಇಟ್ಟಿರಿ. ಹೊರಬಂದ ತಕ್ಷಣ ಗ್ಲೌಸ್ ಒಳಗೆ ಸುರಿದುಕೊಂಡರೆ ಸೂಟಿನ ಜಿಪ್ ಎಳೆಯುವಷ್ಟು ಬೆರಳು ಬಗ್ಗುತ್ತವೆ.