ಗಾಲ್ಫ್ ಆಡುವ ಮಗಳು, ಶಾಲೆಯ ಹಾಜರಿ, ಮನೆಯ ಉಳಿತಾಯ: ಸಂಪಾದಕರ ಉತ್ತರ

ಓದುಗರೊಬ್ಬರ ಪತ್ರದ ಸಾರ ಇಷ್ಟು: ಮಗಳಿಗೆ 13 ವರ್ಷ, ಹ್ಯಾಂಡಿಕ್ಯಾಪ್ ಇಂಡೆಕ್ಸ್ (ಆಟದ ಮಟ್ಟದ ಅಳತೆ, ಕಡಿಮೆಯಾದಷ್ಟೂ ಒಳ್ಳೆಯದು) 3.8. ಬರುವ ವರ್ಷ 18 ಪಂದ್ಯಾವಳಿ ಆಡಿಸಬೇಕು, ಶಾಲೆ ಬಿಡಿಸಿ ಆನ್‌ಲೈನ್ ಪಾಠಕ್ಕೆ ಹಾಕಬೇಕು ಎಂದು ಕೋಚ್ ಹೇಳಿದ್ದಾರೆ. ಸಾಲ ಮಾಡಿಯಾದರೂ ಕಳಿಸೋಣ ಎನ್ನುತ್ತಾರೆ ತಂದೆ. ಚಿಕ್ಕ ಮಗನ ಪಾಲಿನದೂ ಇದಕ್ಕೇ ಹೋಗುತ್ತಿದೆ ಎಂಬುದು ತಾಯಿಯ ಸಂಕಟ. ‘ಈಗ ಹಿಂಜರಿದರೆ ಅವಕಾಶ ಕೈತಪ್ಪುತ್ತದೆಯೇ?’ ಎಂದು ಪತ್ರ ಮುಗಿಯುತ್ತದೆ.

ಉತ್ತರ:

ಕೈತಪ್ಪುವುದಿಲ್ಲ. 13ರ ಹುಡುಗಿಗೆ 3.8 ನಿಜಕ್ಕೂ ಒಳ್ಳೆಯ ಆಟ. ಆದರೆ ಈ ಹಂತದಲ್ಲಿ ಅವಳು ಕಲಿಯಬೇಕಾದ್ದರಲ್ಲಿ ಬಹುಪಾಲು ನಿಮ್ಮ ಹತ್ತಿರದ ಮೈದಾನದಲ್ಲೇ ಕಲಿಯುವಂಥದ್ದು. ದೂರದ ಪಂದ್ಯಾವಳಿಯಲ್ಲಿ ಆಟಕ್ಕೆ ಪರೀಕ್ಷೆಯಾಗುತ್ತದೆ, ಪಾಠವಾಗುವುದು ಕಡಿಮೆ. ಪಾಠ ಮುಗಿಯುವ ಮೊದಲೇ ವರ್ಷಕ್ಕೆ 18 ಪರೀಕ್ಷೆ ಬರೆಸುವುದರಲ್ಲಿ ನಮಗೆ ಅರ್ಥ ಕಾಣುವುದಿಲ್ಲ.

ಮೊದಲು ಆ 18ನ್ನು ಶಾಲೆಯ ದಿನಗಳಿಗೆ ಇಳಿಸಿ ನೋಡಿ. 54 ಹೋಲ್‌ಗಳ, ಎಂದರೆ ದಿನಕ್ಕೊಂದರಂತೆ ಮೂರು ಸುತ್ತಿನ ಪಂದ್ಯಾವಳಿ ಶುಕ್ರವಾರದಿಂದ ಭಾನುವಾರದವರೆಗೆ ಎಂದುಕೊಳ್ಳಿ. ಗುರುವಾರ ಅಭ್ಯಾಸದ ಸುತ್ತು, ಹಾಗಾಗಿ ಬುಧವಾರ ಸಂಜೆಯೇ ಪ್ರಯಾಣ. ಗುರುವಾರ, ಶುಕ್ರವಾರದ ಪಾಠ ಹೋಯಿತು. ಸೋಮವಾರ ಹಾಜರಿ ಬಿದ್ದರೂ ಮಗು ತೂಕಡಿಸುತ್ತಿರುತ್ತದೆ. ಒಂದಕ್ಕೆ ಮೂರು ದಿನವಾದರೆ 18ಕ್ಕೆ 54 ದಿನ. ಯಾವ ಶಾಲೆಯೂ ಇದನ್ನು ನಗುತ್ತಾ ಒಪ್ಪುವುದಿಲ್ಲ. ಆನ್‌ಲೈನ್ ಪಾಠದ ಮಾತು ಹುಟ್ಟಿದ್ದೂ ಇಲ್ಲಿಂದಲೇ ಇರಬೇಕು.

ಹತ್ತು ಸಾಕು. ಐದು ಮನೆಯಿಂದಲೇ ಹೋಗಿ ಬರುವಂಥವು, ಮೂರು ಒಂದೆರಡು ರಾತ್ರಿ ತಂಗುವಂಥವು, ದೂರದ್ದು ಎರಡೇ, ಅವೂ ರಜೆಯಲ್ಲಿ. ಇವುಗಳಲ್ಲಿ ಶಾಲೆ ನಡೆಯುವಾಗ ಬರುವವು ನಾಲ್ಕು ಮೀರದಂತೆ ನೋಡಿಕೊಂಡರೆ ತಪ್ಪುವ ಪಾಠ ಹೆಚ್ಚೆಂದರೆ 12 ದಿನ. ಪಟ್ಟಿಯನ್ನು ಶಾಲೆಯ ವರ್ಷ ಆರಂಭವಾಗುವ ಮೊದಲೇ ತಯಾರಿಸಿ. ಪರೀಕ್ಷೆಯ ವಾರಗಳನ್ನೂ ಅವುಗಳ ಹಿಂದಿನ ವಾರವನ್ನೂ ಮೊದಲು ಅಡ್ಡಗೆರೆ ಎಳೆದು ತೆಗೆದುಹಾಕಿ, ಉಳಿದ ಜಾಗದಲ್ಲಿ ಪಂದ್ಯಾವಳಿ ತುಂಬಿ. ಹಲವರು ಇದನ್ನು ತಿರುವುಮುರುವು ಮಾಡಿ ಆಮೇಲೆ ತರಗತಿಯ ಶಿಕ್ಷಕರ ಮುಂದೆ ಕೈ ಕಟ್ಟಿ ನಿಲ್ಲುತ್ತಾರೆ.

ಎಲ್ಲ ವಿಷಯಗಳ ನಷ್ಟವೂ ಒಂದೇ ಅಲ್ಲ. ಕಥೆ, ಕವಿತೆ, ಇತಿಹಾಸದ ಅಧ್ಯಾಯವನ್ನು ಬಸ್ಸಿನಲ್ಲಿ ಕೂತು ಓದಿಕೊಳ್ಳಬಹುದು. ಗಣಿತದಲ್ಲಿ ಒಂದು ಮೆಟ್ಟಿಲು ತಪ್ಪಿದರೆ ಮುಂದಿನ ನಾಲ್ಕೂ ಅರ್ಥವಾಗುವುದಿಲ್ಲ. ಪ್ರಯೋಗಾಲಯದ ಪಾಠವಂತೂ ಮನೆಯಲ್ಲಿ ಸಿಗುವುದೇ ಇಲ್ಲ. ಆದ್ದರಿಂದ ಹೊರಡುವ ಮೊದಲೇ ಗಣಿತದ ಪಾಠ ಕೇಳಿಸಿಕೊಂಡಿರಲಿ, ಪ್ರಯಾಣಕ್ಕೆ ಓದುವ ವಿಷಯ ಇರಲಿ. ಸ್ಪರ್ಧೆಯ ಒಂದು ಸುತ್ತಿಗೆ ನಾಲ್ಕೂವರೆಯಿಂದ ಐದು ಗಂಟೆ. ಮೈ ಬಿಸಿ ಮಾಡಿಕೊಳ್ಳುವುದು, ಊಟ, ಓಡಾಟ ಸೇರಿದರೆ ಏಳು. ಅದಾದ ಮೇಲೆ ರಾತ್ರಿ ಪುಸ್ತಕ ಹಿಡಿಸಿದರೆ ತಲೆಗೆ ಏನೂ ಹತ್ತುವುದಿಲ್ಲ. ಟೀ ಸಮಯ (ಆಟ ಶುರುಮಾಡಲು ಕೊಟ್ಟ ಸಮಯ) ಮಧ್ಯಾಹ್ನದ್ದಾದರೆ ಬೆಳಿಗ್ಗೆ, ಬೆಳಗಿನದಾದರೆ ಮಲಗಿ ಎದ್ದ ಮೇಲೆ ಸಂಜೆ, 40 ನಿಮಿಷದ ಒಂದೇ ಒಂದು ಬೈಠಕ್ ಸಾಕು.

ಶಾಲೆ ಬಿಡಿಸುವುದಕ್ಕೆ ನಮ್ಮ ವಿರೋಧವಿದೆ. ಆನ್‌ಲೈನ್ ಪಾಠ ಕೆಟ್ಟದ್ದೆಂದಲ್ಲ; ದಿನಾ ಪಕ್ಕದಲ್ಲಿ ಕೂತು ನೋಡಿಕೊಳ್ಳುವ ದೊಡ್ಡವರೊಬ್ಬರು ಬೇಕು, ಆ ಕೆಲಸ ಕೋಚ್ ಮಾಡುವುದಿಲ್ಲ. ಉಳಿದ ಸಮಯವೆಲ್ಲ ರೇಂಜ್‌ ಎಂಬ ಅಭ್ಯಾಸದ ಬಯಲಿನಲ್ಲಿ ಚೆಂಡು ಹೊಡೆಯುವುದಕ್ಕೇ ಹೋಗುತ್ತದೆ ಎಂಬ ಅಪಾಯ ಬೇರೆ. ಬೆಳೆಯುವ ವಯಸ್ಸಿನಲ್ಲಿ ದಿನವೂ ನೂರಾರು ಬಾರಿ ಸೊಂಟ ತಿರುಗಿಸಿದರೆ ಕೆಳಬೆನ್ನಿನ ಮೂಳೆಯಲ್ಲಿ ಒತ್ತಡದ ಬಿರುಕು ಬರುವುದುಂಟು. ವಾರಕ್ಕೆ ಒಂದು ದಿನ ಕ್ಲಬ್ (ಗಾಲ್ಫ್ ಕೋಲು) ಮುಟ್ಟದಿರಲಿ. ಬೆನ್ನು ನೋವು ಎರಡು ವಾರ ದಾಟಿದರೆ ಮೊದಲು ವೈದ್ಯರಲ್ಲಿಗೆ, ಆಮೇಲೆ ಕೋಚ್ ಬಳಿಗೆ.

ದೂರಕ್ಕೆ ಯಾವಾಗ ಕಳಿಸಬೇಕು ಎಂಬುದನ್ನು ಸ್ಕೋರ್ ಕಾರ್ಡ್ ಹೇಳುತ್ತದೆ. ಇಂಡೆಕ್ಸ್ ಎಂದರೆ ಕಳೆದ 20 ಸುತ್ತುಗಳಲ್ಲಿ ಉತ್ತಮವಾದ 8ರ ಸರಾಸರಿ. ಎಂದರೆ 3.8 ಎನ್ನುವುದು ಅವಳ ಒಳ್ಳೆಯ ದಿನಗಳ ಆಟ. ಸಾಮಾನ್ಯ ದಿನದ್ದು ಅದಕ್ಕಿಂತ ಎರಡು ಮೂರು ಹೊಡೆತ ಹೆಚ್ಚೇ ಇರುತ್ತದೆ. ಬೇರೆ ಬೇರೆ ಮೈದಾನದ ಸ್ಕೋರುಗಳನ್ನು ಹಾಗೆಯೇ ಹೋಲಿಸಬೇಡಿ. ಸ್ಕೋರಿನಿಂದ ಕೋರ್ಸ್ ರೇಟಿಂಗ್ (ಹ್ಯಾಂಡಿಕ್ಯಾಪ್ ಸೊನ್ನೆಯ ನುರಿತ ಆಟಗಾರರು ಅಲ್ಲಿ ಹೊಡೆಯಬಹುದಾದ ಸ್ಕೋರ್) ಕಳೆದು, 113ರಿಂದ ಗುಣಿಸಿ, ಸ್ಲೋಪ್ ರೇಟಿಂಗ್‌ನಿಂದ (ಸಾಮಾನ್ಯ ಆಟಗಾರರಿಗೆ ಆ ಮೈದಾನ ಎಷ್ಟು ಹೆಚ್ಚು ಕಷ್ಟ ಎಂಬ ಅಳತೆ; 113 ಮಧ್ಯಮ) ಭಾಗಿಸಿ. ಇಂಡೆಕ್ಸ್ ಲೆಕ್ಕಕ್ಕೆ ಹೋಗುವುದು ಹೀಗೆ ಬಂದ ಅಂಕಿಗಳೇ. ರೇಟಿಂಗ್ 69.8, ಸ್ಲೋಪ್ 116 ಇರುವ ಪರಿಚಿತ ಮೈದಾನದಲ್ಲಿ 74 ಹೊಡೆದರೆ ಅದು 4.1. ರೇಟಿಂಗ್ 72.4, ಸ್ಲೋಪ್ 128 ಇರುವ ಹೊಸ ಮೈದಾನದಲ್ಲಿ 78 ಹೊಡೆದರೆ 4.9. ನಾಲ್ಕು ಹೊಡೆತದ ವ್ಯತ್ಯಾಸ ಎಂದು ಕಂಡದ್ದು ಒಂದನ್ನೂ ಮುಟ್ಟಲಿಲ್ಲ. ‘ಹೊರಗೆ ಹೋದರೆ ಇವಳ ಆಟ ಕುಸಿಯುತ್ತದೆ’ ಎಂದು ತಂದೆ ತಾಯಿ ಗಾಬರಿಯಾಗುವುದು ಎಷ್ಟೋ ಸಲ ಈ ಲೆಕ್ಕ ಹಾಕದೆ.

ಸ್ಪರ್ಧೆಯ ಸುತ್ತುಗಳನ್ನಷ್ಟೇ ಬೇರೆ ಬರೆದಿಡಿ. ಅವುಗಳ ಸರಾಸರಿಯು ಎಲ್ಲ ಸುತ್ತುಗಳ ಸರಾಸರಿಗಿಂತ ಎರಡು ಹೊಡೆತದೊಳಗೇ ಇದ್ದು, ಸುತ್ತಮುತ್ತಲ ಪಂದ್ಯಗಳಲ್ಲಿ ತನ್ನ ವಯಸ್ಸಿನ ಗುಂಪಿನ ಮೊದಲ ಮೂವರಲ್ಲಿ ಪದೇ ಪದೇ ಬರುತ್ತಿದ್ದರೆ ದೂರದ ಟಿಕೆಟ್ ತೆಗೆಯಿರಿ. ಅಂತರ ಹೆಚ್ಚಿದ್ದರೆ ಕಾರಣ ಹುಡುಕಿ: ಪ್ರತಿ ಸುತ್ತಿಗೂ ಪಟ್‌ಗಳ (ಗ್ರೀನ್ ಎಂಬ ನುಣುಪು ಹುಲ್ಲಿನ ಮೇಲೆ ಚೆಂಡನ್ನು ಕುಳಿಗೆ ಉರುಳಿಸುವ ಹೊಡೆತಗಳ) ಸಂಖ್ಯೆ, ಮೊದಲ ಪಟ್‌ನ ದೂರ, ಪೆನಾಲ್ಟಿ ಹೊಡೆತ, ಗ್ರೀನ್ ತಪ್ಪಿದಾಗ ಎರಡೇ ಹೊಡೆತದಲ್ಲಿ ಮುಗಿಸಿದ ಲೆಕ್ಕ. ಹೊಡೆತಗಳು ಸೋರುತ್ತಿರುವುದು ಮೂರು ಪಟ್‌ಗಳಲ್ಲಿ, 50 ಮೀಟರ್ ಒಳಗಿನ ಚಿಪ್‌ಗಳಲ್ಲಿ (ಗ್ರೀನ್ ಮೇಲೆ ಇಳಿಸುವ ಚಿಕ್ಕ ಹೊಡೆತಗಳಲ್ಲಿ) ಎಂದಾದರೆ ಅದನ್ನು ಸರಿಪಡಿಸಲು ವಿಮಾನ ಹತ್ತಬೇಕಿಲ್ಲ.

ಶ್ರೇಯಾಂಕದ ಆಸೆ ತೋರಿಸಿ ದೂರ ಕರೆಯುವವರೂ ಇರುತ್ತಾರೆ. ವಿಶ್ವ ಅಮೆಚೂರ್ (ಹಣಕ್ಕಾಗಿ ಆಡದವರ) ಶ್ರೇಯಾಂಕ ಲೆಕ್ಕಕ್ಕೆ ತೆಗೆದುಕೊಳ್ಳುವುದು ಕಳೆದ 104 ವಾರಗಳ ಫಲಿತಾಂಶವನ್ನು. 13ರಲ್ಲಿ ಗಳಿಸಿದ ಅಂಕ 16ಕ್ಕೆ ಉಳಿದಿರುವುದಿಲ್ಲ. ಎಲ್ಲ ಕಿರಿಯರ ಪಂದ್ಯಾವಳಿಯೂ ಆ ಲೆಕ್ಕಕ್ಕೆ ಸೇರುವುದಿಲ್ಲ ಎಂಬುದನ್ನೂ ಪ್ರವೇಶ ಶುಲ್ಕ ಕಟ್ಟುವ ಮೊದಲು ನೋಡಿಕೊಳ್ಳಿ.

ಇನ್ನು ಹಣ. ವರ್ಷದ ಮೊತ್ತವನ್ನು ಮೊದಲು ನಿಗದಿ ಮಾಡಿ, ಅದು ಚಿಕ್ಕವನ ಪಾಲನ್ನು ಎತ್ತಿಟ್ಟ ಮೇಲೆ ಉಳಿದದ್ದಾಗಿರಲಿ. ಅದನ್ನು ನೂರು ಭಾಗ ಎಂದುಕೊಂಡರೆ ಕೋಚ್ ಮತ್ತು ಮೈದಾನಕ್ಕೆ 40, ಪ್ರಯಾಣ ಮತ್ತು ತಂಗುವುದಕ್ಕೆ 30, ಕ್ಲಬ್, ಚೆಂಡುಗಳಿಗೆ 15, ಕೈ ಮುಟ್ಟದ ಮೀಸಲು 15 ಎಂಬುದು ನಮ್ಮ ಸಲಹೆ. ಅರ್ಹತಾ ಸುತ್ತು ಗೆದ್ದು ಮುಂದಿನ ಹಂತಕ್ಕೆ ದಿಢೀರನೆ ಹೊರಡಬೇಕಾದಾಗ ಆ ಮೀಸಲು ಬೇಕಾಗುತ್ತದೆ. ಪ್ರಯಾಣದ ಪಾಲು 50 ದಾಟಿತೆಂದರೆ ಕೋಚಿಂಗ್ ಸೊರಗುತ್ತಿದೆ ಎಂದೇ ತಿಳಿಯಿರಿ. ಜೊತೆಗೆ ಒಬ್ಬರೇ ಹೋಗಿ. ಕೋಚ್ ಬರುವುದಾದರೆ ಅವರ ಖರ್ಚನ್ನು ಎರಡು ಮೂರು ಮನೆಯವರು ಹಂಚಿಕೊಳ್ಳಿ. ಪ್ರವೇಶ ಕೋರಿದವರು ಹೆಚ್ಚಾದಾಗ ಹಲವು ಕಡೆ ಹ್ಯಾಂಡಿಕ್ಯಾಪ್ ನೋಡಿ ಆರಿಸುತ್ತಾರೆ. ಆಡುವವರ ಪಟ್ಟಿ ಬರುವ ತನಕ ಹಣ ವಾಪಸಾಗದ ಟಿಕೆಟ್ ಕೊಳ್ಳಬೇಡಿ. ಹಾಗೆಂದು ಕೊನೆಯ ಗಳಿಗೆಯಲ್ಲಿ ತಲುಪುವಂತೆಯೂ ಹೊರಡಬೇಡಿ. ಟೀ ಸಮಯಕ್ಕೆ ಐದು ನಿಮಿಷದೊಳಗೆ ತಡವಾದರೆ ಎರಡು ಹೊಡೆತದ ಪೆನಾಲ್ಟಿ, ಅದನ್ನೂ ಮೀರಿದರೆ ಅನರ್ಹತೆ.

ಕ್ಲಬ್‌ಗಳ ವಿಷಯದಲ್ಲಿ ಹೊಸದರ ಆಸೆ ಬೇಡ. ಬಳಸಿದ ಸೆಟ್ ಸಾಕು, ಆದರೆ ಎತ್ತರ ಐದಾರು ಸೆಂಟಿಮೀಟರ್ ಏರಿದಾಗಲೆಲ್ಲ ಕ್ಲಬ್ಬಿನ ಉದ್ದ ಮತ್ತು ಲೈ ಆಂಗಲ್ (ನೆಲಕ್ಕೆ ಕೋಲಿನ ಓರೆ) ನೋಡಿಸಿ. ಹುಡುಗಿ ಎತ್ತರವಾದಂತೆ ಹಿಡಿತ ಮೇಲಕ್ಕೇರಿ, ಕ್ಲಬ್ಬಿನ ತಲೆಯ ಮುಂತುದಿ ನೆಲಕ್ಕೆ ಕುತ್ತುತ್ತದೆ. ಬಲಗೈ ಆಟಗಾರರ ಚೆಂಡು ಬಲಕ್ಕೆ ಹೋಗುತ್ತದೆ. ಮಗು ಅದನ್ನು ತಾನೇ ಮಣಿಕಟ್ಟು ತಿರುಗಿಸಿ ಸರಿಮಾಡಿಕೊಳ್ಳುತ್ತದೆ. ಆರು ತಿಂಗಳ ಮೇಲೆ ಆ ತಿರುವನ್ನು ಬಿಡಿಸಲು ನೀವು ಕೋಚ್‌ಗೆ ಹಣ ಕೊಡುತ್ತಿರುತ್ತೀರಿ.

ಪ್ರಾಯೋಜಕರು ಸಿಕ್ಕರೆ ಹಣ ತೆಗೆದುಕೊಳ್ಳಬಹುದೇ ಎಂದೂ ಕೇಳಿದ್ದೀರಿ. 2022ರ ಜನವರಿಯಿಂದ ಜಾರಿಯಲ್ಲಿರುವ ಅಮೆಚೂರ್ ನಿಯಮದಲ್ಲಿ ಪ್ರಾಯೋಜಕತ್ವಕ್ಕೂ ಖರ್ಚು ಪಡೆಯುವುದಕ್ಕೂ ಅಡ್ಡಿ ಇಲ್ಲ. ಕಟ್ಟುನಿಟ್ಟು ಉಳಿದಿರುವುದು ಬಹುಮಾನದ ವಿಷಯದಲ್ಲಿ. ಆಗ ನಿಗದಿಯಾದ ಮಿತಿ 1000 ಡಾಲರ್ ಅಥವಾ 700 ಪೌಂಡ್. ಹ್ಯಾಂಡಿಕ್ಯಾಪ್ ಸ್ಪರ್ಧೆಯಲ್ಲಿ (ಹ್ಯಾಂಡಿಕ್ಯಾಪ್‌ನಷ್ಟು ಹೊಡೆತ ಕಳೆದು ಗೆದ್ದವರನ್ನು ಆರಿಸುವಲ್ಲಿ) ನಗದು ಬಹುಮಾನವನ್ನೇ ಪಡೆಯುವಂತಿಲ್ಲ. ಗಾಲ್ಫ್ ಕ್ಲಬ್ಬಿಗೆ ಬರುವ ಚಿಕ್ಕ ಮಕ್ಕಳಿಗೆ ಆಟ ಹೇಳಿಕೊಟ್ಟು ಹಣ ಪಡೆದರೂ ಕೆಲವು ವಿನಾಯಿತಿಗಳ ಹೊರಗೆ ಅಮೆಚೂರ್ ಪಟ್ಟ ಹೋಗುತ್ತದೆ. ದೊಡ್ಡ ಮಕ್ಕಳು ಎಡವುವುದು ಇಲ್ಲೇ. ಮುಂದೆ ಗಾಲ್ಫ್ ವಿದ್ಯಾರ್ಥಿವೇತನದ ಕಾಲೇಜು ಕಣ್ಣಲ್ಲಿದ್ದರೆ ಅಲ್ಲಿನ ಅರ್ಹತಾ ನಿಯಮ ಬೇರೆಯೇ ಇರುತ್ತದೆ, ಶಾಲೆಯ ಅಂಕಪಟ್ಟಿಯನ್ನೂ ನೋಡುತ್ತಾರೆ. ಮಗಳ ಮುಂದಿನ ಗಳಿಕೆಯಲ್ಲಿ ಶೇಕಡಾವಾರು ಪಾಲು ಕೇಳುವ ಕಾಗದ ಬಂದರೆ ವಕೀಲರಿಗೆ ತೋರಿಸದೆ ಸಹಿ ಹಾಕಬೇಡಿ.

ಸಾಲ ಬೇಡ. ಪಂದ್ಯಾವಳಿಯ ಖರ್ಚು ಪ್ರತಿವರ್ಷ ಮರುಕಳಿಸುವಂಥದ್ದು. ಈ ವರ್ಷದ ಕಂತು ತೀರುವ ಮೊದಲೇ ಮುಂದಿನ ವರ್ಷದ ಪಟ್ಟಿ ಬಾಗಿಲಲ್ಲಿರುತ್ತದೆ, ಆ ಸಾಲದ ಭಾರ ಪಟ್ ಹೊಡೆಯುವಾಗ ಹುಡುಗಿಯ ಕೈಗೂ ಗೊತ್ತಾಗುತ್ತದೆ. ಕಳೆದ 20 ಕಾರ್ಡುಗಳನ್ನು ಮೇಲೆ ಹೇಳಿದ ಲೆಕ್ಕದಲ್ಲಿ ಬರೆದುಕೊಂಡು ಕೋಚ್ ಮುಂದೆ ಇಡಿ. 18ರಲ್ಲಿ ಒಂದೊಂದು ಪಂದ್ಯಾವಳಿಯೂ ಯಾಕೆ ಬೇಕು ಎಂದು ಕೇಳಿ. ಅವರು ಕಾರಣ ಕೊಟ್ಟದ್ದನ್ನು ಉಳಿಸಿ, ಉಳಿದವನ್ನು ಹೊಡೆದುಹಾಕಿ. ಮುಂದಿನ ಪಟ್ಟಿಯನ್ನು ಆರು ತಿಂಗಳ ನಂತರ ಮಗಳನ್ನೂ ಜೊತೆಗೆ ಕೂರಿಸಿಕೊಂಡು ಮಾಡಿ.