ಕಾಲರ್ ಹಿಡಿದಾಗ ಕರಾಟೆ ಎಲ್ಲಿ ಹೋಯಿತು?

ಈ ಸಲ ಬಂದ ಪ್ರಶ್ನೆಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ವಿಷಯದ್ದು. ಕ್ಲಾಸಿನಲ್ಲಿ ಕಲಿತದ್ದು ಬೀದಿಯಲ್ಲಿ ಕೈ ಹಿಡಿಯುತ್ತದಾ, ಇಲ್ಲವಾ? ಶಿವಮೊಗ್ಗದಲ್ಲಿ ಇಪ್ಪತ್ತು ವರ್ಷದಿಂದ ಮಕ್ಕಳಿಗೆ ಕರಾಟೆ, ಜೂಡೋ ಹೇಳಿಕೊಡುತ್ತಿದ್ದೇನೆ. ಇದು ನನ್ನನ್ನೂ ಬಹಳ ಕಾಡಿದ ಪ್ರಶ್ನೆ. ಮೊದಲನೆಯದಕ್ಕೆ ಸ್ವಲ್ಪ ಉದ್ದದ ಉತ್ತರ ಬರೆಯುತ್ತೇನೆ, ಉಳಿದವಕ್ಕೂ ಅದು ಬೇಕಾಗುತ್ತದೆ.

ಪ್ರಶ್ನೆ: ನನ್ನ ಮಗ ಸೆಕೆಂಡ್ ಪಿಯುಸಿ. ಆರು ವರ್ಷ ಕರಾಟೆ ಕಲಿತು ಬ್ಲ್ಯಾಕ್ ಬೆಲ್ಟ್ ತಗೊಂಡಿದ್ದಾನೆ, ಶೋಕೇಸ್ ತುಂಬ ಮೆಡಲ್. ಹೋದ ತಿಂಗಳು ಟ್ಯೂಷನ್ ಮುಗಿಸಿ ಬರುವಾಗ ಬೈಕ್ ತಾಗಿತು ಅಂತ ಒಬ್ಬ ಹುಡುಗ ಇವನ ಕಾಲರ್ ಹಿಡಿದು ಕೆನ್ನೆಗೆ ಎರಡು ಬಾರಿಸಿದನಂತೆ. ಇವನು ಕೈಯೇ ಎತ್ತಲಿಲ್ಲ. ಈಗ ಕ್ಲಾಸಿಗೇ ಹೋಗಲ್ಲ ಅನ್ನುತ್ತಾನೆ. ಇಷ್ಟು ವರ್ಷ ಕಲಿತದ್ದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ ಆಯಿತಾ ಸರ್?
(ತಾಯಿಯೊಬ್ಬರು, ವಿನೋಬನಗರ, ಶಿವಮೊಗ್ಗ)

ಉತ್ತರ: ಅಕ್ಕಾ, ಮೊದಲು ಒಂದು ಮಾತು. ಮನೆಯಲ್ಲಿ ಯಾರೂ ಅವನಿಗೆ ಪುಕ್ಕಲ ಅನ್ನಬೇಡಿ, ತಮಾಷೆಗೂ ಬೇಡ. ದಿಢೀರ್ ಗಾಬರಿಯಾದಾಗ ಮೈಯಲ್ಲಿ ಅಡ್ರಿನಲಿನ್ ನುಗ್ಗುತ್ತದೆ. ಎದೆ ಡವಡವ ಹೊಡೆದುಕೊಳ್ಳುತ್ತದೆ, ಬೆರಳು ನಡುಗುತ್ತವೆ, ಎದುರಿನವನ ಮುಖ ಬಿಟ್ಟರೆ ಅಕ್ಕಪಕ್ಕದ್ದು ಕಣ್ಣಿಗೆ ಬೀಳುವುದಿಲ್ಲ. ಕೆಲವರು ಓಡುತ್ತಾರೆ, ಕೆಲವರು ಹೊಡೆಯುತ್ತಾರೆ, ಇನ್ನು ಕೆಲವರು ನಿಂತಲ್ಲೇ ಕಲ್ಲಾಗಿಬಿಡುತ್ತಾರೆ. ಇದರಲ್ಲಿ ಅವನ ತಪ್ಪೇನೂ ಇಲ್ಲ.

ಆ ಸಂಜೆ ಹೇಗಿತ್ತು ಅಂತ ಯೋಚಿಸಿ. ಬೆನ್ನ ಮೇಲೆ ಪುಸ್ತಕದ ಬ್ಯಾಗ್, ಕಾಲಲ್ಲಿ ಚಪ್ಪಲಿ, ಪಕ್ಕದಲ್ಲಿ ಬೈಕ್. ಎದುರಿನವನು ಕೂಗಾಡುತ್ತಾ ಬಂದು ಒಂದು ಕೈಯಲ್ಲಿ ಕಾಲರ್ ಹಿಡಿದು ಎಳೆದಿದ್ದಾನೆ, ಇನ್ನೊಂದು ಕೈ ಬೀಸಿದ್ದಾನೆ. ಬೀದಿಯಲ್ಲಿ ಏಟು ಬೀಳುವುದು ಸಾಮಾನ್ಯವಾಗಿ ಹೀಗೆಯೇ. ಆರು ವರ್ಷದ ಕ್ಲಾಸಿನಲ್ಲಿ ಯಾರಾದರೂ ಅವನ ಅಂಗಿ ಹಿಡಿದು ಜಗ್ಗಿ, ಅಪ್ಪ ಅಮ್ಮನನ್ನು ಸೇರಿಸಿ ಬೈಯುತ್ತಾ, ಬಿಡದೆ ಹೊಡೆಯಲು ಬಂದಿದ್ದರಾ? ಒಮ್ಮೆ ಕೇಳಿ ನೋಡಿ. ಇಲ್ಲ ಅಂತಲೇ ಹೇಳುತ್ತಾನೆ. ಕ್ಲಾಸಿನಲ್ಲಿ ಎದುರಾಳಿ ದೂರ ನಿಂತು ಬಾಗಿ ನಮಸ್ಕಾರ ಮಾಡುತ್ತಾನೆ. ಅಭ್ಯಾಸಕ್ಕೆ ಅಂತ ಒಂದು ನೇರ ಪಂಚ್ ಕೊಟ್ಟು ಆ ಕೈಯನ್ನು ಹಾಗೇ ಗಾಳಿಯಲ್ಲಿ ಬಿಟ್ಟು ನಿಲ್ಲುತ್ತಾನೆ, ಇವನು ಅದನ್ನು ತಡೆದು, ಹಿಡಿದು, ಮೂರು ಏಟು ತೋರಿಸುತ್ತಾನೆ. ಯಾವ ಜಗಳಗಂಟನೂ ಹೊಡೆದ ಕೈಯನ್ನು ನಿಮಗಾಗಿ ಅಲ್ಲೇ ಬಿಟ್ಟಿರುವುದಿಲ್ಲ.

ಟೋಕಿಯೋ ಒಲಿಂಪಿಕ್ಸ್‌ನ ಕರಾಟೆ ಫೈನಲ್ ಕೆಲವರಿಗಾದರೂ ನೆನಪಿರಬಹುದು. 2021ರ ಆಗಸ್ಟ್, ಗಂಡಸರ 75 ಕಿಲೋ ಮೇಲಿನ ವಿಭಾಗ. ಸೌದಿಯ ತಾರೆಗ್ ಹಮೇದಿ 4-1ರಲ್ಲಿ ಮುಂದಿದ್ದರು. ಅವರ ಒದೆ ಇರಾನಿನ ಸಜ್ಜಾದ್ ಗಂಜ್‌ಜಾದೆ ತಲೆಗೆ ಬಿದ್ದು ಅವರು ಪ್ರಜ್ಞೆ ತಪ್ಪಿದರು, ಸ್ಟ್ರೆಚರ್‌ನಲ್ಲಿ ಹೊತ್ತುಕೊಂಡು ಹೋದರು. ಕೊನೆಗೆ ಚಿನ್ನ ಬಂದದ್ದು ಬಿದ್ದವರಿಗೆ, ಯಾಕೆಂದರೆ ಹತೋಟಿ ತಪ್ಪಿ ಹೊಡೆದದ್ದಕ್ಕೆ ಹಮೇದಿಯನ್ನು ಅನರ್ಹ ಮಾಡಿದರು. ಆ ನಿಯಮವನ್ನು ನಾನು ತಪ್ಪು ಅನ್ನುವುದಿಲ್ಲ. ಮಕ್ಕಳ ತಲೆ ಉಳಿಯಬೇಕಲ್ವಾ. ಆದರೆ ತಾಗಿಸಿ ಹಿಂದೆ ಸರಿಯುವುದನ್ನೇ ಆರು ವರ್ಷ ಮೈಗೆ ರೂಢಿ ಮಾಡಿಸಿ, ಏಳನೇ ವರ್ಷ ಬೀದಿಯಲ್ಲಿ ಅದು ಬೇರೆ ರೀತಿ ನಡೆದುಕೊಳ್ಳಲಿ ಅಂದರೆ ಹೇಗೆ?

ನನಗೂ ಇದು ಬಿದ್ದ ಮೇಲೇ ಗೊತ್ತಾಯಿತು. ಬ್ಲ್ಯಾಕ್ ಬೆಲ್ಟ್ ಬಂದು ಎರಡು ವರ್ಷವಾಗಿತ್ತು, ತೀರ್ಥಹಳ್ಳಿ ಕಡೆ ನೆಂಟರ ಊರಿಗೆ ಹೋದಾಗ ಅಲ್ಲಿನ ಗರಡಿಗೆ ಹೋದೆ. ಅಡಿಕೆ ಕೊನೆ ತೆಗೆಯುವವರೊಬ್ಬರು ಅಖಾಡದಲ್ಲಿದ್ದರು, ನನಗಿಂತ ಹತ್ತು ವರ್ಷ ದೊಡ್ಡವರು, ತೂಕದಲ್ಲಿ ನನಗಿಂತ ಕಡಿಮೆ. ಬನ್ನಿ, ಹಿಡಿಯಿರಿ ಅಂದರು. ನಾನು ದೂರ ನಿಂತು ಕಾಲೆತ್ತುವಷ್ಟರಲ್ಲಿ ಅವರ ಕೈ ನನ್ನ ಕುತ್ತಿಗೆಯ ಹಿಂದೆ ಬಂದಿತ್ತು. ದಿನವಿಡೀ ಮರ ಏರುವ ಕೈ, ಅದರ ಭಾರ ಇವತ್ತಿಗೂ ಮರೆತಿಲ್ಲ. ತಲೆ ಕೆಳಗೆ ಬಾಗಿತು, ಒಂಟಿ ಕಾಲಲ್ಲಿ ಎರಡು ಹೆಜ್ಜೆ ಕುಂಟಿದೆ, ಆಮೇಲೆ ಬೆನ್ನು ಕೆಂಪು ಮಣ್ಣಿನ ಮೇಲಿತ್ತು. ಬಾಯೊಳಗೂ ಮಣ್ಣು. "ಏಳಿ, ಇನ್ನೊಂದು ಸಲ" ಅಂದರು. ಅವತ್ತು ಎಂಟು ಸಲ ಬಿದ್ದೆ. ಅವರು ಹಾಕಿದ್ದು ಮೂರೋ ನಾಲ್ಕೋ ಪಟ್ಟು, ಅಷ್ಟೇ. ಆದರೆ ಆ ಪಟ್ಟುಗಳನ್ನೆಲ್ಲ ಅವರು ಕಲಿತದ್ದು ಬೀಳಲು ಒಪ್ಪದ ಜನರ ಮೇಲೆ. ನನ್ನ ಎರಡು ಡಜನ್ ಕಾತಾಗಳನ್ನು, ಅಂದರೆ ಒಬ್ಬರೇ ಮಾಡುವ ಹೆಜ್ಜೆ, ಏಟುಗಳ ಸರಣಿಗಳನ್ನು, ನಾನು ಗಾಳಿಯ ಜೊತೆ ಕಲಿತಿದ್ದೆ.

ಹಾಗಂತ ನಿಮ್ಮ ಮಗನ ಆರು ವರ್ಷ ದಂಡವಾಗಿಲ್ಲ. ಕಾಲಲ್ಲಿ ಶಕ್ತಿ ಬಂದಿದೆ, ಉಸಿರು ಇದೆ, ಅಂತರ ಅಳೆಯುವ ಕಣ್ಣಿದೆ, ಜೋರಾಗಿ ಹೊಡೆಯಲೂ ಬರುತ್ತದೆ. ಕೊರತೆ ಇರುವುದು ಒಂದೇ, ನಿಜವಾಗಿ ಎದುರು ನಿಲ್ಲುವವನ ಜೊತೆ ಅಭ್ಯಾಸ. ಮಾಸ್ಟರ್ ಹತ್ತಿರ ಹೋಗಿ ಕೇಳಿ, ವಾರಕ್ಕೆ ಎರಡು ದಿನ ಹದಿನೈದು ನಿಮಿಷ ಸಾಕು. ಜೊತೆಗಾರ ನಿಜವಾಗಿ ಕಾಲರ್ ಹಿಡಿಯಲಿ, ಎಳೆಯಲಿ, ಕಿರುಚಲಿ. ಮೊದಲು ನಿಧಾನಕ್ಕೆ, ಎರಡೂ ಕೈ ಮುಖದ ಮುಂದೆ ತಂದು, ಗಲ್ಲ ತಗ್ಗಿಸಿ, ಬೀಳದೆ ನಿಂತು ಬಿಡಿಸಿಕೊಳ್ಳುವುದಷ್ಟೇ. ತಿಂಗಳಾದ ಮೇಲೆ ಹೆಡ್‌ಗಾರ್ಡ್, ಗ್ಲೌಸ್ ಹಾಕಿಕೊಂಡು ಒಂದು ನಿಮಿಷ ನಿಲ್ಲಿಸದೆ. ಬ್ಯಾಗ್ ಹಾಕಿಕೊಂಡು, ಚಪ್ಪಲಿಯಲ್ಲೂ ಒಂದು ದಿನ ಮಾಡಲಿ. ಮೊದಲ ದಿನ ಗಂಟಲು ಒಣಗುತ್ತದೆ, ಕಲ್ಲಾಗುತ್ತಾನೆ. ಹತ್ತನೇ ದಿನ ಹಾಗಾಗುವುದಿಲ್ಲ. ಇದನ್ನು ನಾನು ನನ್ನ ಕ್ಲಾಸಿನಲ್ಲಿ ಕಣ್ಣಾರೆ ನೋಡಿದ್ದೇನೆ.

ಇನ್ನೊಂದು ವಿಷಯ. ಎರಡು ಏಟು ತಿಂದ ಮಗ ಮನೆಗೆ ನಡೆದುಕೊಂಡು ಬಂದಿದ್ದಾನೆ. ತಿರುಗಿ ಹೊಡೆದು, ಇಬ್ಬರಲ್ಲಿ ಒಬ್ಬನ ತಲೆ ಚರಂಡಿ ಕಟ್ಟೆಗೆ ಬಡಿದಿದ್ದರೆ ನೀವು ಬರೆಯುತ್ತಿದ್ದ ಪತ್ರವೇ ಬೇರೆ ಇರುತ್ತಿತ್ತು. ಒಂದೇ ಗುದ್ದಿಗೆ ಜೀವ ಹೋಯಿತು ಅನ್ನುವ ಸುದ್ದಿಗಳಲ್ಲಿ ಎಷ್ಟೋ ಸಲ ಜೀವ ತೆಗೆಯುವುದು ಗುದ್ದಲ್ಲ, ಬಿದ್ದಾಗ ತಲೆಗೆ ತಾಗುವ ರಸ್ತೆ. ಮಗನಿಗೆ ಇದನ್ನೂ ಹೇಳಿ.

ಪ್ರಶ್ನೆ: ಕರಾಟೆ, ಟೇಕ್ವಾಂಡೋ, ಬಾಕ್ಸಿಂಗ್, ಕುಸ್ತಿ, ಎಂಎಂಎ, ಇದರಲ್ಲಿ ನಿಜವಾದ ಜಗಳಕ್ಕೆ ಯಾವುದು ಬೆಸ್ಟ್? ನಮ್ಮೂರಿನ ಮಾಸ್ಟರ್ ಒಬ್ಬರು ತಮ್ಮ ವಿದ್ಯೆ ತುಂಬ ಡೇಂಜರ್, ಅದಕ್ಕೇ ಸ್ಪಾರಿಂಗ್ (ಜೊತೆಗಾರನ ಜೊತೆ ಅಭ್ಯಾಸದ ಗುದ್ದಾಟ) ಮಾಡಿಸಲ್ಲ ಅನ್ನುತ್ತಾರೆ.
(24 ವರ್ಷದ ಯುವಕ, ತೀರ್ಥಹಳ್ಳಿ)

ಉತ್ತರ: ಆ ಮಾಸ್ಟರ್ ಹೇಳಿದ ಮಾತಿಗೆ ನೂರು ವರ್ಷಕ್ಕೂ ಹಿಂದೆಯೇ ಉತ್ತರ ಸಿಕ್ಕಿದೆ. ಜೂಡೋ ಹುಟ್ಟುಹಾಕಿದ ಜಿಗೊರೊ ಕಾನೊ 1882ರಲ್ಲಿ ಜಪಾನಿನಲ್ಲಿ ಕೊಡೋಕಾನ್ ಅನ್ನುವ ತಮ್ಮ ಶಾಲೆ ಶುರು ಮಾಡಿದಾಗ ಹಳೆಯ ಜುಜುತ್ಸುವಿನಲ್ಲಿ ಅಪಾಯ ಅನ್ನಿಸಿದ್ದನ್ನು ಮುಕ್ತ ಗುದ್ದಾಟದ ಅಭ್ಯಾಸದಿಂದ, ಅಂದರೆ ರಾಂದೋರಿಯಿಂದ, ಹೊರಗಿಟ್ಟರು. ಉಳಿದ ಎಸೆತ, ಹಿಡಿತಗಳನ್ನು ಹುಡುಗರು ಪೂರ್ತಿ ಬಲ ಹಾಕಿ, ಬೀಳಲೊಪ್ಪದವನ ಮೇಲೆ ದಿನಾ ಪ್ರಯೋಗ ಮಾಡಬಹುದಾಯಿತು. ಕಣ್ಣು ಕೀಳುವ ವಿದ್ಯೆಯನ್ನು ಯಾರ ಮೇಲೂ ಒಮ್ಮೆಯೂ ಮಾಡಿ ನೋಡಿರುವುದಿಲ್ಲ. ಕಾಲು ಅಡ್ಡ ಕೊಟ್ಟು ಕೆಡವುವುದನ್ನು ಸಾವಿರ ಸಲ ಮಾಡಿರುತ್ತಾರೆ. ಗಾಬರಿಯಲ್ಲಿ ಕೈಗೆ ಬರುವುದು ಈ ಸಾವಿರ ಸಲದ್ದು.

ಆದ್ದರಿಂದ ಹೆಸರು ನೋಡಬೇಡಿ, ಕ್ಲಾಸಿಗೆ ಹೋಗಿ ಒಂದು ಸಂಜೆ ಬದಿಯಲ್ಲಿ ಕೂತು ನೋಡಿ. ಒಪ್ಪದವನ ಜೊತೆ ಗುದ್ದಾಡಿಸುತ್ತಾರಾ? ಬಾಕ್ಸಿಂಗ್, ಕುಸ್ತಿ, ಜೂಡೋದಲ್ಲಿ ಇದು ಮೊದಲಿಂದಲೂ ಇದೆ. ಒಳ್ಳೆಯ ಕರಾಟೆ ಕ್ಲಾಸುಗಳಲ್ಲೂ ಇದೆ. 1993ರಲ್ಲಿ ಅಮೆರಿಕದ ಡೆನ್ವರ್‌ನಲ್ಲಿ ನಡೆದ, ಬೇರೆ ಬೇರೆ ವಿದ್ಯೆಯವರು ಕಾದಾಡುವ ಯುಎಫ್‌ಸಿ ಪಂದ್ಯಾವಳಿಯ ಮೊದಲ ಸಲ ಸುಮಾರು 80 ಕಿಲೋ ತೂಗುವ ಹೊಯ್ಸ್ ಗ್ರೇಸಿ ಒಂದೇ ರಾತ್ರಿ ಮೂವರನ್ನು ಹಿಡಿದು ಸೋಲಿಸಿದ್ದು ಇದೇ ಬಲದಿಂದ. ಅವರ ಮನೆತನಕ್ಕೆ ವಿದ್ಯೆ ಬಂದದ್ದು ಕಾನೊ ಶಾಲೆಯಿಂದ ಬ್ರೆಜಿಲ್‌ಗೆ ಹೋದ ಮಾಯೆದಾ ಅವರಿಂದ.

ಆದರೆ ಅಲ್ಲಿ ಮ್ಯಾಟ್ ಇತ್ತು, ಎದುರಿಗೆ ಒಬ್ಬನೇ ಇದ್ದ. ನಮ್ಮಲ್ಲಿ ಜಲ್ಲಿಕಲ್ಲಿನ ಮೇಲೆ ಒಬ್ಬನನ್ನು ಕೆಡವಿ ಹಿಡಿದುಕೊಂಡು ಮಲಗಿದರೆ ಅವನ ಸ್ನೇಹಿತ ಬಂದು ನಿಮ್ಮ ತಲೆಗೆ ಒದೆಯುತ್ತಾನೆ. ಎತ್ತರದ ಒದೆಗಳ ಕಥೆಯೂ ಅಷ್ಟೇ. ಆಷಾಢದಲ್ಲಿ ಹಾವಸೆ ಕಟ್ಟಿದ ಅಂಗಳದಲ್ಲಿ ಹವಾಯಿ ಚಪ್ಪಲಿ ಹಾಕಿಕೊಂಡು ಸುಮ್ನೆ ಒಂದು ಕಾಲನ್ನು ಸೊಂಟದ ಮಟ್ಟಕ್ಕೆ ಎತ್ತಿ ನೋಡಿ, ಗೊತ್ತಾಗುತ್ತದೆ. ನಿಮ್ಮೂರ ಹತ್ತಿರ ಮಣ್ಣಿನ ಗರಡಿ ಇನ್ನೂ ನಡೆಯುತ್ತಿದ್ದರೆ ಮೊದಲು ಅಲ್ಲಿಗೆ ಹೋಗಿ. ಒಂದು ವರ್ಷ ಬೀಳುವುದನ್ನೂ ಬೀಳದೇ ಇರುವುದನ್ನೂ ಕಲಿಯಿರಿ. ಆಮೇಲೆ ಶಿವಮೊಗ್ಗದಲ್ಲಿ ಬಾಕ್ಸಿಂಗ್ ಸೇರಿಕೊಂಡರೆ ಮುಖಕ್ಕೆ ಬರುವ ಕೈ ನೋಡಿ ಕಣ್ಣು ಮುಚ್ಚುವುದು ನಿಲ್ಲುತ್ತದೆ.

ಪ್ರಶ್ನೆ: ಕಾಲೇಜಿನಲ್ಲಿ ಮೂರು ದಿನ ಆತ್ಮರಕ್ಷಣೆ ಕ್ಯಾಂಪ್ ಆಯಿತು. ಮಣಿಕಟ್ಟು ಹಿಡಿದರೆ ತಿರುಚಿ ಬಿಡಿಸಿಕೊಳ್ಳುವುದು ಹೇಳಿಕೊಟ್ಟರು. ಮನೆಯಲ್ಲಿ ಅಣ್ಣ ಗಟ್ಟಿ ಹಿಡಿದಾಗ ಬಿಡಿಸಿಕೊಳ್ಳಲು ಆಗಲೇ ಇಲ್ಲ. ಹಾಗಾದರೆ ಇದೆಲ್ಲ ಸುಳ್ಳಾ?
(ವಿದ್ಯಾರ್ಥಿನಿ, ಸಾಗರ)

ಉತ್ತರ: ಸುಳ್ಳಲ್ಲ ತಂಗಿ. ಅಣ್ಣನ ಮೇಲೆ ಪರೀಕ್ಷೆ ಮಾಡಿದ್ದು ಬಹಳ ಒಳ್ಳೆಯದಾಯಿತು, ಮೂರು ದಿನದ ಕ್ಯಾಂಪಿನಲ್ಲಿ ಸಿಗದ ಪಾಠ ಅದರಲ್ಲಿ ಸಿಕ್ಕಿದೆ. ಹಿಡಿತ ಸಡಿಲ ಇರುವುದು ಹೆಬ್ಬೆರಳಿನ ಸಂದಿಯಲ್ಲಿ. ಕೈಯೊಂದನ್ನೇ ಎಳೆದರೆ ಆಗುವುದಿಲ್ಲ. ಆ ಸಂದಿಯ ಕಡೆಗೆ ಮೊಣಕೈ ಮಡಚಿ, ಒಂದು ಹೆಜ್ಜೆ ಹಾಕಿ ಇಡೀ ಮೈಯನ್ನು ತಿರುಗಿಸಬೇಕು. ಜೊತೆಗೆ ಇನ್ನೊಂದು ಕೈ ಹಿಡಿದವನ ಮುಖಕ್ಕೆ ಹೋಗಬೇಕು, ಗಂಟಲಿಂದ ಕೂಗು ಹೊರಡಬೇಕು. ಅಣ್ಣನ ಜೊತೆಯೇ ದಿನಾ ಹತ್ತು ಸಲ ಮಾಡಿ.

ಕ್ಯಾಂಪುಗಳಲ್ಲಿ ಜಾಸ್ತಿ ಹೇಳದ ಒಂದು ವಿಷಯ ಹೇಳುತ್ತೇನೆ. ಕತ್ತಲಲ್ಲಿ ಅಪರಿಚಿತ ಹಾರಿ ಬರುವುದನ್ನೇ ಎಲ್ಲರೂ ಅಭ್ಯಾಸ ಮಾಡಿಸುತ್ತಾರೆ. ಆದರೆ ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋ ಅಂಕಿಗಳನ್ನು ನೋಡಿದರೆ ಅತ್ಯಾಚಾರದ ಪ್ರಕರಣಗಳಲ್ಲಿ ಶೇಕಡ 90ಕ್ಕಿಂತ ಜಾಸ್ತಿ ಕಡೆ ಆರೋಪಿ ಆಕೆಗೆ ಗೊತ್ತಿರುವವನೇ. ನೆಂಟ, ಪಕ್ಕದ ಮನೆಯವನು, ಸ್ನೇಹಿತ. ಗೊತ್ತಿರುವವನ ಮೇಲೆ ಕೈ ಎತ್ತಲು ನಮ್ಮ ಹೆಣ್ಣುಮಕ್ಕಳಿಗೆ ಮನಸ್ಸೇ ಬರುವುದಿಲ್ಲ, 'ಅವರು ಏನಂದುಕೊಳ್ಳುತ್ತಾರೋ' ಅನ್ನುವುದು ಅಡ್ಡ ಬರುತ್ತದೆ. ಕೆನಡಾದ ಮೂರು ವಿಶ್ವವಿದ್ಯಾಲಯಗಳಲ್ಲಿ 893 ವಿದ್ಯಾರ್ಥಿನಿಯರನ್ನು ಸೇರಿಸಿ ಮಾಡಿದ ಅಧ್ಯಯನವೊಂದು 2015ರಲ್ಲಿ ಬಂತು. ಒಂದು ಗುಂಪಿಗೆ 12 ಗಂಟೆಯ ತರಬೇತಿ, ಇನ್ನೊಂದು ಗುಂಪಿಗೆ ಬರೀ ಮಾಹಿತಿ ಪತ್ರ. ವರ್ಷದೊಳಗೆ ಅತ್ಯಾಚಾರಕ್ಕೆ ಒಳಗಾದವರು ಎರಡನೇ ಗುಂಪಿನಲ್ಲಿ ಶೇಕಡ 9.8, ತರಬೇತಿ ಪಡೆದವರಲ್ಲಿ 5.2. ಆ 12 ಗಂಟೆಯಲ್ಲಿ ಕೈಕಾಲಿನ ಪಾಠ ಒಂದು ಭಾಗ ಮಾತ್ರ. ಉಳಿದದ್ದು ಅಪಾಯವನ್ನು ಬೇಗ ಗುರುತಿಸುವುದು, ಗೊತ್ತಿರುವವನಿಗೂ ಗಟ್ಟಿಯಾಗಿ ಬೇಡ ಅನ್ನುವುದು, ಎದ್ದು ಹೊರಡುವುದು.

ಬಸ್ಸಿನಲ್ಲಿ ಯಾರಾದರೂ ಮೈಗೆ ತಾಗಿದರೆ "ಕೈ ತೆಗಿ" ಅಂತ ಇಡೀ ಬಸ್ಸಿಗೆ ಕೇಳುವಂತೆ ಹೇಳಿ. 'ಸ್ವಲ್ಪ ಸರೀತೀರಾ' ಅನ್ನಬೇಡಿ. "ಕೈ ತೆಗಿ" ಅನ್ನುವ ಎರಡು ಶಬ್ದ ಜೋರಾಗಿ ಬಾಯಿಂದ ಹೊರಡಲೂ ಅಭ್ಯಾಸ ಬೇಕು. ನನ್ನ ಕ್ಲಾಸಿನ ಹುಡುಗಿಯರಿಗೆ ಒದೆಯುವುದಕ್ಕಿಂತ ಕೂಗುವುದೇ ಕಷ್ಟವಾಗುತ್ತದೆ. ಆಮೇಲೆ ಕಂಡಕ್ಟರ್, ಬೇಕಾದರೆ 112.

ಪ್ರಶ್ನೆ: ಕತ್ತಿ ಹಿಡಿದು ಬಂದವನನ್ನು ಬರಿಗೈಯಲ್ಲಿ ತಡೆಯುವ ವಿದ್ಯೆ ಯಾವುದು?
(ಹೊಸನಗರ)

ಉತ್ತರ: ನಂಬುವಂಥದ್ದು ಯಾವುದೂ ಇಲ್ಲ. ಡೆನಿಸ್ ಟ್ಯೂಲರ್ ಅನ್ನುವ ಅಮೆರಿಕದ ಪೊಲೀಸ್ ತರಬೇತುದಾರರು 1983ರಲ್ಲಿ ಬರೆದ ಲೆಕ್ಕ ಇದೆ. 21 ಅಡಿ ದೂರದಲ್ಲಿರುವವನು ಸುಮಾರು ಒಂದೂವರೆ ಸೆಕೆಂಡಿನಲ್ಲಿ ನಿಮ್ಮ ಮೈಮೇಲೆ ಬಂದಿರುತ್ತಾನೆ. ಸೊಂಟದ ಪಿಸ್ತೂಲು ತೆಗೆಯಲೂ ಅಷ್ಟೇ ಹೊತ್ತು ಬೇಕು. ಬರಿಗೈಯವರ ಗತಿ ಹೇಳಬೇಕಾ? ಓಡಿ. ನಡುವೆ ಬೈಕ್, ಗೇಟು, ಬೇಲಿ, ಏನಾದರೂ ಬರುವಂತೆ ನೋಡಿಕೊಳ್ಳಿ. ಗದ್ದೆ ತೋಟದ ತಕರಾರಾದರೆ ಮಾತು ಏರುವ ಮೊದಲೇ ಅವನ ಕೈಯಲ್ಲಿ ಏನಿದೆ ಅಂತ ನೋಡಿ, ನಮ್ಮ ಕಡೆ ಕತ್ತಿ ಸೊಂಟದಲ್ಲೇ ಇರುತ್ತದೆ. ಗಾಯವಾದರೆ ಬಟ್ಟೆ ಇಟ್ಟು ಬಲವಾಗಿ ಒತ್ತಿ ಹಿಡಿಯಿರಿ, ತೆಗೆದು ತೆಗೆದು ನೋಡಬೇಡಿ, 108ಕ್ಕೆ ಫೋನ್ ಮಾಡಿ. ವಿಡಿಯೋಗಳಲ್ಲಿ ಚಾಕು ಕಸಿದುಕೊಳ್ಳುವುದನ್ನು ತೋರಿಸುವವರನ್ನು ನೋಡಿದರೆ ನನಗೆ ಸಿಟ್ಟೇ ಬರುತ್ತದೆ, ಅದನ್ನು ನಂಬಿ ಯಾರಾದರೂ ನಿಂತುಬಿಟ್ಟರೆ ಏನು ಗತಿ?

ಪ್ರಶ್ನೆ: ನಮ್ಮನ್ನು ಹೊಡೆಯಲು ಬಂದವನಿಗೆ ತಿರುಗಿ ಹೊಡೆದರೆ ಕೇಸ್ ಆಗುತ್ತದಾ? ಬ್ಲ್ಯಾಕ್ ಬೆಲ್ಟ್ ಇದ್ದವರು ಪೊಲೀಸ್ ಠಾಣೆಯಲ್ಲಿ ಹೆಸರು ಬರೆಸಬೇಕು ಅನ್ನುತ್ತಾರೆ, ನಿಜವಾ?
(ಶಿಕಾರಿಪುರ)

ಉತ್ತರ: ಹೆಸರು ಬರೆಸುವುದು ಬರೀ ಕಟ್ಟುಕಥೆ, ಅಂಥ ಕಾನೂನು ಇಲ್ಲ. ತನ್ನನ್ನೂ ಬೇರೆಯವರನ್ನೂ ಕಾಪಾಡಿಕೊಳ್ಳುವ ಹಕ್ಕು ಎಲ್ಲರಿಗೂ ಇದೆ. ಹಿಂದೆ ಐಪಿಸಿ 96ರಿಂದ 106ರವರೆಗೆ ಇತ್ತು, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರಲ್ಲಿ ಇದೆ. ಆದರೆ ರಕ್ಷಣೆಗೆ ಬೇಕಾದಷ್ಟೇ, ಅದಕ್ಕಿಂತ ಜಾಸ್ತಿ ಇಲ್ಲ. ಅವನು ಬಿದ್ದ ಮೇಲೆ ಕೊಟ್ಟ ಒದೆ ರಕ್ಷಣೆಯ ಲೆಕ್ಕಕ್ಕೆ ಬರುವುದಿಲ್ಲ. ಮರುದಿನ ನಾಲ್ಕು ಜನರನ್ನು ಕಟ್ಟಿಕೊಂಡು ಹೋಗಿ ಹೊಡೆದದ್ದಂತೂ ಬರುವುದೇ ಇಲ್ಲ. ಕೇಸ್ ಆದರೆ ಇದನ್ನೆಲ್ಲ ನೀವೇ ತೋರಿಸಬೇಕಾಗುತ್ತದೆ, ಹಾಗಾಗಿ ಗಲಾಟೆ ಮುಗಿದ ಕೂಡಲೇ ಆಸ್ಪತ್ರೆಗೆ ಹೋಗಿ ಗಾಯ ಬರೆಸಿ, ಠಾಣೆಗೆ ಮೊದಲು ನೀವೇ ಹೋಗಿ ದೂರು ಕೊಡಿ.

ಪ್ರಶ್ನೆ: ನನಗೆ 16 ವರ್ಷ. ಮುಷ್ಟಿ ಗಟ್ಟಿಯಾಗಲಿ ಅಂತ ದಿನಾ ಗೋಡೆಗೆ ಗುದ್ದುತ್ತೇನೆ. ಕಿರುಬೆರಳ ಹತ್ತಿರ ಊದಿಕೊಂಡಿದೆ. ಮುಂದುವರಿಸಲಾ?
(ಭದ್ರಾವತಿ)

ಉತ್ತರ: ಬೇಡ ತಮ್ಮಾ, ಇವತ್ತೇ ನಿಲ್ಲಿಸು. ಮೊದಲು ಎಕ್ಸ್‌ರೇ ಮಾಡಿಸು. ಕಿರುಬೆರಳ ಬುಡದ ಮೂಳೆ ಮುರಿಯುವುದಕ್ಕೆ ಡಾಕ್ಟರುಗಳು ಬಾಕ್ಸರ್ಸ್ ಫ್ರಾಕ್ಚರ್ ಅಂತಲೇ ಹೆಸರಿಟ್ಟಿದ್ದಾರೆ, ಗೋಡೆಗೆ ಗುದ್ದಿದವರಲ್ಲಿ ಅದು ಸಾಮಾನ್ಯ. ನಿನ್ನ ವಯಸ್ಸಿನಲ್ಲಿ ಮೂಳೆ ಇನ್ನೂ ಬೆಳೆಯುತ್ತಿರುತ್ತದೆ. ಗ್ಲೌಸ್ ಒಳಗೆ ಪಟ್ಟಿ ಸುತ್ತಿಕೊಳ್ಳುವ ಬಾಕ್ಸರ್‌ಗಳ ಕೈಯೇ ಮುರಿಯುತ್ತದೆ, ಇನ್ನು ಬರಿ ಮುಷ್ಟಿ ತಲೆಬುರುಡೆಗೆ ಬಿದ್ದರೆ ಸೋಲುವುದು ಮುಷ್ಟಿಯೇ. ಹಲ್ಲಿಗೆ ತಾಗಿ ಗೆಣ್ಣು ಕುಯ್ದುಕೊಂಡರೆ ಕೀವಾಗಿ ಬೆರಳು ಮಡಚಲು ಬಾರದ ಹಾಗೂ ಆಗಬಹುದು. ಊತ ಇಳಿಯುವವರೆಗೆ ಹಗ್ಗ ಜಿಗಿ, ಬಸ್ಕಿ ಹೊಡೆ. ಡಾಕ್ಟರ್ ಸರಿ ಅಂದ ಮೇಲೆ ಬ್ಯಾಗಿಗೆ ಅಂಗೈ ಬುಡದಿಂದ ಹೊಡೆಯುವುದನ್ನು ಕಲಿ. ಎಕ್ಸ್‌ರೇಯಲ್ಲಿ ಏನು ಬಂತು ಅಂತ ನನಗೆ ಬರೆದು ತಿಳಿಸು.