ಒಪಿಡಿಗೆ ಬಂದವರು, ಬಾರದವರು

ಡಾಕ್ಟರೇ, ನಮಸ್ಕಾರ.

ತೊನ್ನಿನ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಈಗಿರುವ ರೂಪದಲ್ಲಿ ಹಾಕಿಕೊಳ್ಳಲು ಆಗುವುದಿಲ್ಲ. ಕೈಬಿಡಿ ಅಂತಲೂ ಹೇಳುತ್ತಿಲ್ಲ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

‘ರೋಗಿಗಳ ಜನಸಾಂಖ್ಯಿಕ ವಿನ್ಯಾಸವನ್ನು ಅವಲೋಕಿಸಲಾಗಿ, ಸ್ತ್ರೀಯರಲ್ಲಿ ಪ್ರಮಾಣವು ಅಧಿಕವಾಗಿರುವುದು ಕಂಡುಬಂದಿರುತ್ತದೆ.’ ಇದು ನಿಮ್ಮ ಥೀಸಿಸ್ ಗೈಡ್‌ಗೆ ಬರೆದ ವಾಕ್ಯ. ನಮ್ಮ ಓದುಗರು ಇಲ್ಲಿಯೇ ಪುಟ ಮಗುಚುತ್ತಾರೆ. ಭಾಷೆಯನ್ನಾದರೆ ನಾನೇ ತಿದ್ದಿಕೊಂಡೇನು. ನನ್ನ ದೊಡ್ಡ ತಕರಾರು ಆ ವಾಕ್ಯ ಹೇಳುವ ಮಾತಿನ ಮೇಲೆಯೇ ಇದೆ.

ನೀವು ಎಣಿಸಿದ್ದು ಒಪಿಡಿಗೆ, ಅಂದರೆ ಆಸ್ಪತ್ರೆಯ ಹೊರರೋಗಿ ವಿಭಾಗಕ್ಕೆ, ಬಂದವರನ್ನು. ಬಾರದವರ ಸುದ್ದಿಯೇ ಇಲ್ಲ. ತೊನ್ನು ನೋಯುವುದಿಲ್ಲ, ಸಾಮಾನ್ಯವಾಗಿ ತುರಿಸುವುದೂ ಇಲ್ಲ. ಅರವತ್ತು ದಾಟಿದ ರೈತ ಮೊಣಕಾಲ ಮೇಲಿನ ಮಚ್ಚೆಗಾಗಿ ಕೂಲಿ ಬಿಟ್ಟು ಬಸ್ಸು ಹತ್ತುತ್ತಾನೆಯೇ? ಅದೇ ಮಚ್ಚೆ ಮದುವೆಗೆ ಬಂದ ಹುಡುಗಿಯ ತುಟಿಯಂಚಿನಲ್ಲಿ ಕಂಡರೆ ಮನೆಮಂದಿಯೆಲ್ಲ ಕಂಗಾಲಾಗಿ ಕರೆತರುತ್ತಾರೆ. ಜಗತ್ತಿನಲ್ಲಿ ಶೇ 0.5ರಿಂದ 2ರಷ್ಟು ಜನರಿಗೆ ಬರುವ ಇದು ಗಂಡು–ಹೆಣ್ಣು ಇಬ್ಬರಲ್ಲೂ ಹೆಚ್ಚುಕಡಿಮೆ ಸಮ. ನಿಮ್ಮ ಅಂಕಿಯಲ್ಲಿ ಎದ್ದು ಕಾಣುತ್ತಿರುವುದು ವರನ ಕಡೆಯವರ ಭಯ. ಅದನ್ನೇ ಬರೆಯಿರಿ. ಸುಮಾರು ಅರ್ಧದಷ್ಟು ಮಂದಿಗೆ 20 ವರ್ಷದೊಳಗೇ ಶುರು ಎಂಬುದೇನೋ ಸರಿ, ಆದರೆ ಮಚ್ಚೆ ಕಾಣಿಸಿಕೊಂಡ ವಯಸ್ಸನ್ನೂ ಆಸ್ಪತ್ರೆಗೆ ಬಂದ ವಯಸ್ಸನ್ನೂ ಒಂದೇ ಕಡೆ ಕಲಸಿಬಿಟ್ಟಿದ್ದೀರಿ.

ಬಗೆಗಳ ಪಟ್ಟಿ ಪೂರಾ ಬೇಡ. ದೇಹದ ಎರಡೂ ಬದಿ ಬರುವುದು, ಒಂದೇ ಬದಿಗೆ ನಿಲ್ಲುವ ಸೆಗ್ಮೆಂಟಲ್, ಇಷ್ಟು ಸಾಕು. ಸೆಗ್ಮೆಂಟಲ್ ಹೆಚ್ಚಾಗಿ ಚಿಕ್ಕ ವಯಸ್ಸಿಗೇ ಬಂದು, ಕೆಲಕಾಲ ಬೇಗ ಹಬ್ಬಿ, ನಿಂತುಬಿಡುತ್ತದೆ. ಹಾಗಾಗಿ ಚರ್ಮದ ಕಸಿ ಮಾಡಿದರೆ ಚೆನ್ನಾಗಿ ಹಿಡಿಯುತ್ತದೆ. ಮಚ್ಚೆಯೊಳಗಿನ ಕೂದಲೂ ಬೆಳ್ಳಗಾಗಿದ್ದರೆ ಬಣ್ಣ ಮರಳುವುದು ಕಷ್ಟ, ಯಾಕೆಂದರೆ ಬಣ್ಣದ ಹೊಸ ಕೋಶಗಳು ಮುಖ್ಯವಾಗಿ ಬರಬೇಕಾದದ್ದು ಕೂದಲ ಬುಡದಿಂದ. ಇದನ್ನು ಅಡಿಟಿಪ್ಪಣಿಗೆ ತಳ್ಳಿದ್ದೀರಲ್ಲ! ಓದುಗ ಕನ್ನಡಿ ಮುಂದೆ ನಿಂತು ಮೊದಲು ನೋಡಿಕೊಳ್ಳುವುದೇ ಇದನ್ನು.

ಲೇಖನದ ಜೀವ ಇರುವುದು ಕೊನೆಯ ಪುಟದಲ್ಲಿ. ಹಣೆಯ ನಡುವೆ ಸ್ಟಿಕ್ಕರ್ ಬಿಂದಿಯಷ್ಟೇ ಗುಂಡಗಿನ ಬಿಳಿ ಮಚ್ಚೆ, ಅದು ಕಾಣದಿರಲೆಂದು ಇನ್ನೂ ದೊಡ್ಡ ಬಿಂದಿ ಅಂಟಿಸಿಕೊಂಡು ಬಂದ ಹೆಂಗಸು. ಅಂಟಿನಲ್ಲಿರುವ ಪ್ಯಾರಾ ಟರ್ಷರಿ ಬ್ಯುಟೈಲ್ ಫಿನಾಲ್ ಎಂಬ ರಾಸಾಯನಿಕ ಬಣ್ಣದ ಕೋಶಗಳನ್ನು ಕೊಲ್ಲುತ್ತದೆ ಎಂದು ಒಂದು ಸಾಲಿನಲ್ಲಿ ಮುಗಿಸಿದ್ದೀರಿ. ಆಕೆ ದಿನಕ್ಕೆಷ್ಟು ಹೊತ್ತು ಹಚ್ಚುತ್ತಿದ್ದರು, ಬಿಂದಿ ಬಿಟ್ಟ ಮೇಲೆ ಏನಾಯಿತು? ರಬ್ಬರ್ ಚಪ್ಪಲಿಯ ಪಟ್ಟಿ ಪಾದದ ಮೇಲೆ ಬಿಡುವ ಬಿಳುಪೂ ಇದೇ ಜಾತಿಯದು. ಆಕೆಯಿಂದಲೇ ಲೇಖನ ಶುರುಮಾಡಿ. ರಾಸಾಯನಿಕದಿಂದ ಬಂದ ಈ ಬಿಳುಪನ್ನು ತೊನ್ನಿನ ಲೆಕ್ಕಕ್ಕೆ ಸೇರಿಸಿದಿರೋ ಬಿಟ್ಟಿರೋ, ಅದನ್ನೂ ತಿಳಿಸಿ.

‘ಕುಷ್ಠವಲ್ಲ’ ಎಂದು ಪುಟಪುಟದಲ್ಲೂ ಹೇಳಬೇಡಿ. ಕುಷ್ಠದ ಮಚ್ಚೆಯಲ್ಲಿ ಸ್ಪರ್ಶ ಮಂಕಾಗುತ್ತದೆ, ಬಿಳುಪು ಪೂರ್ತಿಯಿರುವುದಿಲ್ಲ. ತೊನ್ನು ಸುಣ್ಣದಂತೆ ಬೆಳ್ಳಗಿದ್ದರೂ ಮುಟ್ಟಿದ್ದು ತಿಳಿಯುತ್ತದೆ. ಒಮ್ಮೆ ಹೇಳಿದರೆ ಸಾಕು.

ಕಣ್ಣಿಗೆ ಕಪ್ಪು ಪಟ್ಟಿ ಎಳೆದ ಮುಖದ ಫೋಟೊಗಳನ್ನು ಹಾಕುವುದಿಲ್ಲ. ಮಚ್ಚೆ ನೋಡಿದರೆ ಊರವರಿಗೆ ಗುರುತು ಸಿಕ್ಕೇ ಸಿಗುತ್ತದೆ. ಕೋಷ್ಟಕಗಳೂ ಬೇಡ. ಸಾವಿರ ಪದದೊಳಗೆ ಮುಗಿಸಿ, ಮುಂದಿನ ಸಲ ದಯವಿಟ್ಟು ಯೂನಿಕೋಡ್‌ನಲ್ಲಿ ಕಳಿಸಿ. ‘ನುಡಿ’ ತಂತ್ರಾಂಶದ ಅಕ್ಷರಗಳಿಂದ ಬದಲಿಸುವಾಗ ನಿಮ್ಮ ಒತ್ತಕ್ಷರಗಳೆಲ್ಲ ಚೆಲ್ಲಾಪಿಲ್ಲಿಯಾಗಿವೆ.

— ಸಂಪಾದಕ